ಬೆನ್ನ ಹಿಂದೆ ಯಾರೂ ಇರಲಿಲ್ಲ

ತಾನು ಕೆಲಸ ಮಾಡುವ ಲಾಂಡ್ರಿಯ ಒಣಗಿಸುವ ಕೋಣೆಯಲ್ಲಿ ಹಾಡುಹಗಲೇ ಒಬ್ಬಳೇ ನಿಲ್ಲಲು ಅವಳಿಗೆ ಹೆದರಿಕೆಯಾಗತೊಡಗಿತ್ತು. ಸಾಲುಸಾಲು ಬಿಳಿ ಬೆಡ್‌ಶೀಟುಗಳು ಗಾಳಿಯಿಲ್ಲದೆಯೂ ಅಲುಗುತ್ತಿದ್ದವು. ಒದ್ದೆ ಬಟ್ಟೆಯ ಬುಟ್ಟಿ ಎತ್ತಲು ಬಗ್ಗಿದರೆ ಸಾಕು, ಸೊಂಟದ ಮೇಲೆ ಯಾರೋ ಅಂಗೈ ಇಟ್ಟು ಒತ್ತಿದಂತಾಗುತ್ತಿತ್ತು. ತಿರುಗಿದರೆ ಯಾರೂ ಇಲ್ಲ.

ಬೆನ್ನುನೋವು ವರ್ಷಗಳಿಂದ ಇತ್ತು. ಡಾಕ್ಟರು ಪರೀಕ್ಷೆ ಮಾಡಿ, "ಮೂಳೆ, ನರ ಚೆನ್ನಾಗಿವೆ, ಹೆದರಬೇಡಿ" ಎಂದಿದ್ದರು. ಅವಳು ಇನ್ನಷ್ಟು ಹೆದರಿದಳು. ಏನೂ ಇಲ್ಲವೆಂದರೆ, ಮತ್ತೆ ಒತ್ತುತ್ತಿರುವುದು ಯಾರು? ಮನೆಗೆ ಬಂದವಳೇ ಗೋಡೆಗೆ ಬೆನ್ನು ಆನಿಸಿ ಕೂರುತ್ತಿದ್ದಳು, ಹಿಂದೆ ಯಾರೂ ಬರದಂತೆ.

ಪಕ್ಕದ ಮನೆಯ ನರ್ಸಮ್ಮ ಅದನ್ನು ಗಮನಿಸಿದಳು.

"ಅಕ್ಕಾ, ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಬೆನ್ನುನೋವಿನವರ ಗುಂಪು ಸೇರುತ್ತೆ. ಮನಶ್ಶಾಸ್ತ್ರಜ್ಞೆ ನಡೆಸ್ತಾರೆ. ಬನ್ನಿ."

ಬಡಗಿಯಾದ ಅವಳ ಗಂಡ ರೇಗಿದ. "ನೋವು ಸೊಂಟಕ್ಕೆ, ಮದ್ದು ತಲೆಗಾ? ಮಾತಿಂದ ನೋವು ಹೋಗೋದಾದ್ರೆ ನಮ್ಮತ್ತೆಗೆ ಜನ್ಮದಲ್ಲಿ ನೋವೇ ಬರ್ತಿರಲಿಲ್ಲ!"

"ಭಾವಾ, ನೋವು ನಿಜಾನೇ, ಯಾರೂ ಸುಳ್ಳು ಅಂತಿಲ್ಲ. ಆದ್ರೆ ಹಳೇ ನೋವಿಗೆ ಭಯ ಸೇರಿದ್ರೆ, ಕಳ್ಳ ಹೋದ ಮೇಲೂ ನಾಯಿ ಬೊಗಳ್ತಾನೇ ಇರುತ್ತೆ. ಆ ನಾಯೀನ ಸುಮ್ಮನಾಗಿಸೋದು ಅಲ್ಲಿ ಕಲಿಸ್ತಾರೆ."

ಅವಳು ಹೋದಳು. ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಒಬ್ಬ ಬಸ್ ಡ್ರೈವರ್ ನೆಲ ನೋಡುತ್ತಾ ಹೇಳಿದ: "ನಗಬೇಡಿ. ಬಗ್ಗಿದಾಗೆಲ್ಲ ಹಿಂದಿನಿಂದ ಯಾರೋ ಕೈ ಇಡ್ತಾರೆ."

ಅವಳ ಮೈ ಜುಮ್ಮೆಂದಿತು. ಯಾರೂ ನಗಲಿಲ್ಲ.

"ನನಗೂ," ಎಂದಳು ದರ್ಜಿಯೊಬ್ಬಳು, ಮೆಲ್ಲಗೆ.

"ಬೆರಳು ತಣ್ಣಗಿರುತ್ತೆ," ಎಂದುಬಿಟ್ಟಳು ಇವಳು. ಕಣ್ಣು ತುಂಬಿ ಬಂತು.

"ಬಗ್ಗೋ ಮೊದಲು ಏನನ್ಸುತ್ತೆ?" ಮನಶ್ಶಾಸ್ತ್ರಜ್ಞೆ ಕೇಳಿದರು.

"ಈಗ ಬರುತ್ತೆ ಅನ್ಸುತ್ತೆ. ಉಸಿರು ಹಿಡೀತೀನಿ."

"ಆಗ ಮೈ ಬಿಗಿಯುತ್ತೆ. ಬಿಗಿದಷ್ಟೂ ನೋವು, ನೋವಾದಷ್ಟೂ ಭಯ. ಅಲ್ಲಿಂದಲೇ ಬಿಡಿಸ್ತಾ ಹೋಗೋಣ."

ವಾರವಾರವೂ ಕೂಡಿ ಕಲಿತರು. ಉಸಿರು ಬಿಡುತ್ತಾ ಬಗ್ಗುವುದು. ಹೆದರಿಸುವ ಯೋಚನೆ ಬಂದರೆ, 'ಇದು ನಿಜವೇ?' ಎಂದು ಕೇಳಿಕೊಳ್ಳುವುದು. ನೋವಿಗೆ ಹೆದರಿ ಬಿಟ್ಟಿದ್ದ ಕೆಲಸಗಳಿಗೆ ಸ್ವಲ್ಪಸ್ವಲ್ಪವಾಗಿ ಮರಳುವುದು. ನೋವು ಪೂರ್ತಿ ಹೋಗಲಿಲ್ಲ, ಆದರೆ ಅದರ ಹಿಡಿತ ಸಡಿಲವಾಯಿತು. ಒಣಗಿಸುವ ಕೋಣೆಯಲ್ಲಿ ಅವಳು ತಿರುಗಿ ನೋಡುವುದನ್ನೇ ಬಿಟ್ಟಳು.

ಒಂದು ಸಂಜೆ ಗಂಡ ಗರಗಸ ಕೆಳಗಿಟ್ಟು, ಅವಳ ಮುಖ ನೋಡದೆ ಕೇಳಿದ: "ಅಲ್ಲಿ ನನ್ನನ್ನೂ ಸೇರಿಸ್ಕೊಳ್ತಾರೇನೇ?"

"ಯಾಕ್ರೀ?"

"ಮರ ಕುಯ್ಯೋವಾಗ ನನ್ನ ಹಿಂದೆನೂ ಒಬ್ಬರು ನಿಂತಿರ್ತಾರೆ. ಎಷ್ಟೋ ವರ್ಷ ಆಯ್ತು."

ಅವಳು ಅವನ ಪಕ್ಕ ಕುಳಿತಳು. "ಮೊದಲು ಡಾಕ್ಟರಿಗೆ ತೋರಿಸೋಣ. ಆಮೇಲೆ ಗುಂಪಿಗೆ. ನಾನೂ ಬರ್ತೀನಿ."

ಓದುತ್ತಿರುವವರೇ, ನಿಮ್ಮ ಬೆನ್ನುನೋವು ಮೂರು ತಿಂಗಳು ದಾಟಿದೆಯೇ? ಡಾಕ್ಟರಿಗೆ ತೋರಿಸಿ. ಕಾಲಿನ ಶಕ್ತಿ ಕುಂದಿದರೆ, ಮಲಮೂತ್ರದ ಹತೋಟಿ ತಪ್ಪಿದರೆ, ತಡಮಾಡದೆ ಆಸ್ಪತ್ರೆಗೆ ಹೋಗಿ. ಇಂಥ ಗುಂಪು ಹತ್ತಿರದಲ್ಲಿ ಎಲ್ಲಿದೆ ಎಂದು ವಿಚಾರಿಸಿ, ಹೋಗಿ ಕುಳಿತುಕೊಳ್ಳಿ. ನೀವು ಯಾರಿಗೂ ಹೇಳದ ಮಾತನ್ನು ಅಲ್ಲಿ ಇನ್ನೊಬ್ಬರು ಹೇಳುವುದು ನಿಮ್ಮ ಕಿವಿಗೆ ಬಿದ್ದೀತು.