ಕೆಂಪಿನ ನಡುವೆ ಒಂದು ಬಿಳಿ

ಅಪ್ಪ ಸತ್ತ ಮೇಲೆ ನೇಪಾಳದಲ್ಲಿ ಗಂಡುಮಕ್ಕಳು ವರ್ಷವಿಡೀ ಬಿಳಿಯನ್ನೇ ಉಡಬೇಕು. ತೇಜೇಂದ್ರ ಬುಢಾಥೋಕಿ ಏಳು ತಿಂಗಳಿಂದ ತಪ್ಪದೆ ಉಟ್ಟಿದ್ದ. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಟೋಪಿ. ಚರ್ಮ ಮುಟ್ಟುವಂತಿಲ್ಲವೆಂದು ಆಟದ ಬೂಟನ್ನು ಪುರೋಹಿತರೆದುರು ಬಗ್ಗಿಸಿ, ಹಿಂಡಿ, ಇದು ಪ್ಲಾಸ್ಟಿಕ್ಕೇ ಎಂದು ಒಪ್ಪಿಸಿ ಬಂದಿದ್ದ. ನೇಪಾಳಕ್ಕೆ ಹನ್ನೊಂದು ವರ್ಷ ಗೋಲು ಹೊಡೆದವನಿಗೆ ಇಷ್ಟೂ ಉಪಾಯ ತಿಳಿಯದಿರುತ್ತದೆಯೇ? ಈ ಟೂರ್ನಿಯಲ್ಲೂ ಮ್ಯಾನೇಜರ್ ತುಲಾಧರ್ ಪ್ರತಿ ಪಂದ್ಯಕ್ಕೂ ಎದುರಾಳಿಗಳ ಮುಂದೆ ಹಲ್ಲು ಗಿಂಜಿ ತಂಡಕ್ಕೆ ಬಿಳಿ ಜೆರ್ಸಿಯನ್ನೇ ಕೇಳಿ ಪಡೆದಿದ್ದರು.

ಫೈನಲ್ಲಿಗೆ ಉಪಾಯ ಕೈಕೊಟ್ಟಿತು. ಮಾಲ್ಡೀವ್ಸ್‌ನವರ ಮಾಮೂಲಿ ಬಣ್ಣವೂ ನೇಪಾಳದ ಹಾಗೆ ಕೆಂಪೇ. ಚೀಟಿ ಎತ್ತಿದಾಗ ಬಿಳಿ ಅವರ ಪಾಲಾಯಿತು, ಅದಲುಬದಲು ಮಾಡಲು ಸಂಘಟಕರು ಒಪ್ಪಲಿಲ್ಲ.

"ನನ್ನ ಕೈಮೀರಿ ಹೋಯ್ತಪ್ಪ," ಎಂದರು ತುಲಾಧರ್. "ಕೆಂಪು ಹಾಕ್ಕೋ, ಇಲ್ಲಾ ಬೆಂಚಲ್ಲಿ ಕೂತ್ಕೋ. ನಾಳೆ ಮಧ್ಯಾಹ್ನದೊಳಗೆ ಹೇಳ್ಬೇಕಂತೆ."

ಮೊಣಕಾಲು ಇನ್ನಾಗದೆಂದು ಆಗಲೇ ಹೇಳಿಯಾಗಿತ್ತು. ಇದೇ ಅವನ ಕೊನೆಯ ಪಂದ್ಯ. ಬೆಳಗ್ಗೆದ್ದವನೇ ಥಾನ್‌ಕೋಟ್‌ನಲ್ಲಿದ್ದ ತಾಯಿಯ ಮನೆಗೆ ಹೋದ.

ಅಣ್ಣ ಲೋಕನಾಥನೂ ಬಿಳಿಯಲ್ಲೇ ಇದ್ದ. ಅವನ ಮುಖ ಗಂಟು ಹಾಕಿಕೊಂಡಿತ್ತು. "ಇನ್ನೈದು ತಿಂಗಳು ತಡ್ಕೊಳೋಕಾಗಲ್ವಾ ನಿಂಗೆ?"

"ನಾನು ತಡ್ಕೋತೀನಿ ದಾಜು. ಫೈನಲ್ ತಡ್ಕೊಳ್ಳಲ್ಲ."

"ಹಂಗಾದ್ರೆ ಕೆಂಪು ಹಾಕ್ಕೊಂಡು ಕುಣಿ. ಬುವಾನ ವರ್ಷದ ತಿಥಿಗೆ ಮಾತ್ರ ಈ ಕಡೆ ತಲೆ ಹಾಕ್ಬೇಡ. ಪಿಂಡ ನಾನೊಬ್ನೇ ಇಡ್ತೀನಿ."

ತೇಜೇಂದ್ರ ತಾಯಿಯ ಕಡೆ ನೋಡಿದ. ಅವಳು ಗೋಡೆಗೊರಗಿ ದೀಪದ ಬತ್ತಿ ಹೊಸೆಯುತ್ತಿದ್ದಳು. ಬರಿಗೈ, ಬರಿಗೊರಳು. ಗಂಡ ಹೋದ ದಿನವೇ ಕೆಂಪು ಬಳೆ, ಕೆಂಪು ಪೋತೆ ಮಣಿ, ಕೆಂಪು ಸೀರೆ ಎಲ್ಲ ಹೋಗಿದ್ದವು. ಮಕ್ಕಳ ಬಿಳಿಗೆ ಒಂದು ವರ್ಷದ ಗಡುವಾದರೂ ಇದೆ, ಅವಳದಕ್ಕೆ ಅದೂ ಇಲ್ಲ. ಪ್ರತಿ ಪಂದ್ಯಕ್ಕೆ ಮುಂಚೆ ಅವನ ಹಣೆಗೆ ಕೆಂಪು ಟೀಕಾ ಹಚ್ಚಿ ಕಳಿಸುತ್ತಿದ್ದವಳು ಅವಳೇ.

"ಹಾಕ್ಕೋ ಅನ್ನೋಕೆ ಬಾಯಿ ಬರಲ್ಲ ಕಾಂಛಾ," ಎಂದಳು. ಕಿರಿಮಗನನ್ನು ಅವಳು ಹಾಗೇ ಕರೆಯುವುದು. "ಬೇಡ ಅನ್ನೋಕೂ ಬರಲ್ಲ. ಆಟ ನೋಡೋಕೆ ಬಂದ್ರೆ, ನಿಮ್ ಬುವಾ ಕೂರ್ತಿದ್ರಲ್ಲ, ಸ್ಟೇಡಿಯಂ ಗೇಟಿನ ಮೇಲಿನ ಮೆಟ್ಟಿಲು, ಅಲ್ಲೇ ಕೂತಿರ್ತೀನಿ. ಬರ್ಲಿಲ್ಲ ಅಂದ್ರೆ, ಇವಳ ಕೈಲಿ ಸಹಿಸೋಕಾಗ್ಲಿಲ್ಲ ಅಂತ ತಿಳ್ಕೋ."

ಅವನು ಕೆಂಪು ಹಾಕಿಕೊಂಡ. ಯಾರದೋ ಅಂಗಿ ಕದ್ದು ತೊಟ್ಟ ಹಾಗಿತ್ತು.

ದಶರಥ ರಂಗಶಾಲಾ ಸ್ಟೇಡಿಯಮ್ಮಿನ ಮೆಟ್ಟಿಲುಗಳ ಮೇಲೆ ಕೂತವರೆಲ್ಲ ಕೆಂಪು. ಟೋಪಿ ಕೆಂಪು, ಬಾವುಟ ಕೆಂಪು, ಕೆನ್ನೆಗೆ ಬಳಿದ ಬಣ್ಣವೂ ಕೆಂಪು. ಅಷ್ಟರ ನಡುವೆ ಒಂದು ಬಿಳಿ ಸೀರೆ ಹುಡುಕುವುದೇನು ಕಷ್ಟ? ಗೇಟಿನ ಮೇಲೆ ನೋಡಿದ. ಇರಲಿಲ್ಲ. ಬಸ್ಸು ತಡವಾಗಿರಬೇಕು ಎಂದುಕೊಂಡ. ಆಟ ಶುರುವಾಯಿತು, ಮತ್ತೆ ನೋಡಿದ. ಇರಲಿಲ್ಲ. ಕಾಲಿಗೇ ಬಂದ ಚೆಂಡನ್ನು ಗೋಲಿನ ಮೇಲಕ್ಕೆ ಒದ್ದ. ಇನ್ನೊಂದು ಸಲ ಗಾಳಿಗೇ ಒದ್ದ.

"ಮನೆಗೋಗಿ ಎಮ್ಮೆ ಮೇಯ್ಸೋ ಮುದುಕಾ," ಎಂದು ಮೆಟ್ಟಿಲ ಮೇಲಿಂದ ಯಾರೋ ಕೂಗಿದರು.

"ದಾಇ, ಚೆಂಡು ಮೈದಾನದಲ್ಲಿದೆ," ಎಂದ ಪಕ್ಕದಲ್ಲಿ ಆಡುತ್ತಿದ್ದ, ಅವನನ್ನು ಅಣ್ಣ ಎಂದೇ ಕರೆಯುವ ಸುಬಿನ್ ಲಿಂಬು. "ನೀನು ನೋಡ್ತಿರೋ ಕಡೆ ಇಲ್ಲ."

ವಿರಾಮ ಮುಗಿದರೂ ಬಿಳಿ ಕಾಣಲಿಲ್ಲ. ಅವಳು ಬರುವುದಿಲ್ಲವೆಂದು ಆಗ ಖಾತ್ರಿಯಾಯಿತು. ಅಪ್ಪನ ತಿಥಿ ಹೋಯಿತು, ತಾಯಿಯೂ ಹೋದಳು ಎಂದುಕೊಂಡ.

ಆಟ ಮುಗಿಯುವ ಹೊತ್ತಿಗೆ, ಎರಡೂ ಕಡೆ ಗೋಲಿಲ್ಲದಿರುವಾಗ, ಸುಬಿನ್‌ನನ್ನು ಗೋಲಿನ ಮುಂದೆಯೇ ಕೆಡವಿದರು. ಪೆನಾಲ್ಟಿ. ಸುಬಿನ್ ಚೆಂಡು ಎತ್ತಿಕೊಂಡು ಬಂದ. "ನಾನು ಹೊಡೀಲಾ ದಾಇ? ನಿನ್ ಕಣ್ಣು ಇನ್ನೂ ಮೆಟ್ಟಿಲ ಮೇಲೇ ಇದೆ."

"ಇರ್ಲಿ. ಇಲ್ಲಿ ಕೊಡು."

ತೇಜೇಂದ್ರ ಚೆಂಡು ಇಟ್ಟ. ಕೊನೆಯ ಸಲ ಗೇಟಿನ ಮೇಲೆ ನೋಡಿದ. ಬರೀ ಕೆಂಪು. ಇಷ್ಟೆಲ್ಲ ಕಳೆದುಕೊಂಡು ತೊಟ್ಟ ಅಂಗಿಯಲ್ಲಿ ಇದನ್ನೂ ಕಳೆದುಕೊಂಡರೆ ತನ್ನಂಥ ದಡ್ಡ ಇನ್ನಿಲ್ಲ ಎಂದು ರೋಷ ಉಕ್ಕಿತು. ಒದ್ದ. ಗೋಲ್‌ಕೀಪರನ ಬೆರಳು ಸವರಿಕೊಂಡು ಹೋದ ಚೆಂಡು ಕಂಬಕ್ಕೆ ಬಡಿಯಿತು. ಅಲ್ಲಿಂದ ಒಳಗೆ ಬಿತ್ತು.

ಹುಡುಗರು ಅವನ ಮೇಲೆ ಬಿದ್ದು ಹೊರಳಾಡಿದರು. ಅವನು ಅಳುತ್ತಿದ್ದ. ಖುಷಿಗೆ ಅಳುತ್ತಿದ್ದಾನೆಂದು ಎಲ್ಲರೂ ತಿಳಿದರು.

ಪಂದ್ಯ ಮುಗಿದ ಮೇಲೆ ತಲೆ ತಗ್ಗಿಸಿ ಗೇಟಿನತ್ತ ನಡೆದ. ಮೇಲಿಂದ ಯಾರೋ "ಕಾಂಛಾ" ಎಂದರು.

ತಲೆಯೆತ್ತಿದ. ಅಪ್ಪ ಕೂರುತ್ತಿದ್ದ ಜಾಗದಲ್ಲೇ ಒಬ್ಬ ಮುದುಕಿ ನಿಂತಿದ್ದಳು. ಸೀರೆಯ ಮೇಲೆ, ಮೊಣಕಾಲಿನ ತನಕ ಇಳಿಬಿದ್ದ ಕೆಂಪು ಜೆರ್ಸಿ. ಬಣ್ಣ ಮಾಸಿದ ಒಂಬತ್ತನೇ ನಂಬರು. ಅವನು ಮೊದಲ ಪಂದ್ಯ ಆಡಿ ಬಂದು ಅಪ್ಪನಿಗೆ ಕೊಟ್ಟಿದ್ದ ಅಂಗಿ ಅದು.

"ಆಗ್ಲಿಂದ ಕೈ ಬೀಸ್ತಿದೀನಿ. ನೀನು ಈ ಕಡೆ ನೋಡ್ತಾನೇ ಇದ್ದೆ, ಗುರ್ತೇ ಹಿಡೀಲಿಲ್ಲವಲ್ಲೋ," ಎಂದಳು.

ಪಕ್ಕದಲ್ಲಿ ಲೋಕನಾಥ ಅವಳ ಬಿಳಿ ಶಾಲನ್ನು ಮಡಿಸಿ ಹಿಡಿದು ನಿಂತಿದ್ದ. ತಮ್ಮನ ಮುಖ ನೋಡದೆ ಹೇಳಿದ: "ಪಾಪ ಅಂತ ಬಂದ್ರೆ ಅವನೊಬ್ಬನ ತಲೆ ಮೇಲೆ ಯಾಕೆ ಬರ್ಬೇಕು ಅಂತ ಹಾಕ್ಕೊಂಡ್ಲು. ನನ್ ಮಾತೆಲ್ಲಿ ಕೇಳ್ತಾಳೆ?" ಶಾಲನ್ನು ಇನ್ನೊಂದು ಮಡಿಕೆ ಮಡಿಸಿ, "ತಿಥಿಗೆ ಬೇಗ ಬಾ," ಎಂದ.