ಒರೆಸಿದ ವಿಭೂತಿ

"ಪೌಡರ್ ಹಚ್ಬೇಡ್ರೀ ಅವಳಿಗೆ," ಎಂದು ಕಾಶಮ್ಮ ಪಕ್ಕದ ಮನೆಯ ವಿಮಲಮ್ಮನ ಕೈಯಿಂದ ಡಬ್ಬಿ ಕಸಿದುಕೊಂಡಳು. ಒಂದು ಕೆನ್ನೆಗೆ ಆಗಲೇ ಹಚ್ಚಿಯಾಗಿತ್ತು.

ಜನ್ನಾಪುರದ ಮನೆಯ ಹಾಲ್‌ನಲ್ಲಿ ಸೊಸೆ ಜಯಶೀಲಾಳನ್ನು ಸ್ನಾನ ಮಾಡಿಸಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಇಪ್ಪತ್ತೈದು ವರ್ಷ ದಿನಾ ಬಸ್ ಹತ್ತಿ ಶಿವಮೊಗ್ಗದ ಆಸ್ಪತ್ರೆಗೆ ಹೋಗಿ ಹೆಂಗಸರ ಸ್ತನದ ಎಕ್ಸ್‌ರೇ ತೆಗೆದವಳು. ನಿನ್ನೆ ಸಂಜೆ ಬಸ್ಸಿಳಿದು ಎದೆ ಹಿಡಿದುಕೊಂಡು ಕೂತಳು; ಮತ್ತೆ ಏಳಲಿಲ್ಲ.

"ಇನ್ನು ವಿಭೂತಿ. ಮನೆಯೋರು ಯಾರು ಹಚ್ತೀರಿ?" ಎಂದರು ಹಿರಿಯರಾದ ಶಿವಯೋಗಪ್ಪ.

ಯಾರೂ ಕಾಶಮ್ಮನ ಕಡೆ ನೋಡಲಿಲ್ಲ. ನೋಡುವುದಾದರೂ ಹೇಗೆ? ಸೊಸೆ ನನ್ನ ಮೈಮೇಲಿನ ವಿಭೂತಿ ಒರೆಸಿದಳು ಅಂತ ಆರು ವರ್ಷ ಬೀದಿಗೆಲ್ಲ ಸಾರಿದ ಬಾಯಿ ಅದು. ಅವತ್ತಿನಿಂದ ಸೊಸೆಗೆ ಪೂಜೆಯ ಬಟ್ಟಲನ್ನೂ ಮುಟ್ಟಗೊಟ್ಟಿರಲಿಲ್ಲ. 'ನಾನೇ ಹಚ್ತೀನಿ' ಎನ್ನಬೇಕೆಂದು ಕಾಶಮ್ಮನಿಗೆ ಅನಿಸಿತು. ಇವತ್ತು ಹಚ್ಚದಿದ್ದರೆ ಇನ್ನೆಂದೂ ಇಲ್ಲ. ಆದರೆ ಯಾವ ಮುಖ ಹೊತ್ತು ಕೇಳುವುದು?

*

ಆರು ವರ್ಷದ ಹಿಂದೆ ಅವತ್ತು, ಎದೆಯ ಪರೀಕ್ಷೆಯ ಹೆದರಿಕೆಗೆ ಕಾಶಮ್ಮ ಎದೆಗೂ ಕಂಕುಳಿಗೂ ವಿಭೂತಿ ಬಳಿದುಕೊಂಡೇ ಆಸ್ಪತ್ರೆಗೆ ಹೋಗಿದ್ದಳು. ಮೊದಲ ಚಿತ್ರ ನೋಡಿದ ಜಯಶೀಲಾ ಬಿಸಿನೀರಲ್ಲಿ ಅದ್ದಿದ ಬಟ್ಟೆ ತಂದಳು.

"ಅತ್ತೆ, ಪೌಡರ್ ಆಗ್ಲಿ ವಿಭೂತಿ ಆಗ್ಲಿ, ಚಿತ್ರದಲ್ಲಿ ಬಿಳಿ ಚುಕ್ಕೆಯಾಗಿ ಕಾಣುತ್ತೆ. ಕಾಯಿಲೆ ಚುಕ್ಕೆನೂ ಹಂಗೇ ಇರುತ್ತೆ. ಯಾವುದು ಯಾವುದಂತ ಗೊತ್ತಾಗಲ್ಲ. ಒರೆಸ್ತೀನಿ."

"ಶಿವನ ಮೇಲೇ ಕೈ ಹಾಕ್ತೀಯೇನೇ?"

ಜಯಶೀಲಾ ಬಟ್ಟೆ ಹಿಂಡಿದಳು. ಒರೆಸಿದಳು. ಮೆಷೀನಿನ ತಣ್ಣನೆಯ ತಟ್ಟೆಯನ್ನು ತನ್ನ ಅಂಗೈಯಿಂದ ಉಜ್ಜಿ ಬೆಚ್ಚಗೆ ಮಾಡಿದಳು. "ಉಸಿರು ಹಿಡೀರಿ ಅತ್ತೆ. ಅಲುಗಾಡ್ಬೇಡಿ."

ಎರಡನೇ ಚಿತ್ರದಲ್ಲಿ ಚುಕ್ಕೆಗಳೆಲ್ಲ ಹೋಗಿದ್ದವು. ಒಂದು ಮೂಲೆಯಲ್ಲಿ ಮಾತ್ರ, ಸಾಸಿವೆಗಿಂತ ಸಣ್ಣ ನಾಲ್ಕೈದು ಉಳಿದಿದ್ದವು. ತಿಂಗಳೊಳಗೆ ಆಪರೇಷನ್ ಆಯಿತು, ಕಾಶಮ್ಮ ಉಳಿದಳು. ಉಳಿಸಿದವಳಿಗೆ ಒಂದು ಒಳ್ಳೆಯ ಮಾತು ಹೇಳಲು ಅವಳ ಹಾಳು ಹಟ ಬಿಡಲಿಲ್ಲ.

*

ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವಳು ಪ್ರಿಯದರ್ಶಿನಿ, ಜಯಶೀಲಾಳ ಕೈಕೆಳಗೆ ಕೆಲಸ ಕಲಿತ ಹುಡುಗಿ. ಅತ್ತು ಅತ್ತು ಅವಳ ಕಣ್ಣು ಕೆಂಪಾಗಿತ್ತು. ನೇರ ಬಂದು ಕಾಶಮ್ಮನ ಕೈ ಹಿಡಿದಳು.

"ನೀವೇ ಅಲ್ವಾ ಅಕ್ಕನ ಅತ್ತೆ? ಹೊಸಬರು ಬಂದ್ರೆ ಅಕ್ಕ ನಿಮ್ಮ ಕತೆ ಹೇಳೇ ಕಲಿಸೋರು. 'ನಮ್ಮತ್ತೆ ಬಾಯಿಗೆ ಬಂದಂಗೆ ಬೈದ್ರು ಕಣೇ. ಆದ್ರೆ ಉಸಿರು ಹಿಡೀರಿ ಅಂದಾಗ ಕಲ್ಲಿನ ಥರ ನಿಂತ್ರು. ಅದಕ್ಕೇ ಆ ಚುಕ್ಕೆ ಕಂಡಿದ್ದು' ಅನ್ನೋರು."

ಕಾಶಮ್ಮನ ಸ್ವರ ಸಣ್ಣದಾಯಿತು. "ಬೇಜಾರು ಮಾಡ್ಕೊಂಡಿದ್ಲೇನಮ್ಮಾ?"

"ಇಲ್ಲಪ್ಪ. ಹೇಳೋವಾಗೆಲ್ಲ ನಗೋರು."

ಆಗ ಕಾಶಮ್ಮ ಅತ್ತಳು. ನಿನ್ನೆಯಿಂದ ಹನಿ ನೀರು ಕಾಣದ ಕಣ್ಣು ಈಗ ಧಾರಾಕಾರವಾಗಿ ಸುರಿಯಿತು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಬಟ್ಟಲು ಇತ್ತ ಕೊಡ್ರಿ, ನನ್ನ ಸೊಸೆಗೆ ನಾನೇ ಹಚ್ತೀನಿ," ಎಂದಳು. ಶಿವಯೋಗಪ್ಪ ಕೊಟ್ಟರು.

ಬಿಸಿನೀರಲ್ಲಿ ಬಟ್ಟೆ ಅದ್ದಿ ಕೆನ್ನೆಯ ಪೌಡರನ್ನು ಚೂರೂ ಉಳಿಯದಂತೆ ಒರೆಸಿದಳು. ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಮೂರು ಬೆರಳನ್ನು ವಿಭೂತಿಗೆ ಅದ್ದಿದಳು. ಎಪ್ಪತ್ತಾರರ ಕೈ. ಗೆರೆ ಸೊಟ್ಟಗಾದೀತೆಂದು ಉಸಿರು ಹಿಡಿದಳು.

ಸೊಸೆಯ ಹಣೆಯ ಮೇಲೆ ಮೂರು ಗೆರೆ ನೆಟ್ಟಗೆ, ಸ್ಪಷ್ಟವಾಗಿ ಮೂಡಿದವು. ಕಾಶಮ್ಮ ಇನ್ನೂ ಉಸಿರು ಬಿಟ್ಟಿರಲಿಲ್ಲ.