ಹೊಟ್ಟೆಯಲ್ಲಿ ಇನ್ನೂರು ಮಿಲಿಗ್ರಾಂ

ನಾನು ಒಂದು ಪಿಟೀಲು. ಒಂದೇ ದಿನ ಹುಟ್ಟಿ ಮುಗಿಸುವ ಅದೃಷ್ಟ ನನಗಿರಲಿಲ್ಲ; ಒಂದೂವರೆ ವರ್ಷ, ಪ್ರತಿ ಭಾನುವಾರ ಸ್ವಲ್ಪ ಸ್ವಲ್ಪವಾಗಿ ಹುಟ್ಟಿದೆ. ನನ್ನನ್ನು ಮಾಡಿದವನು ಅರಳೀಪೇಟೆಯ ನೇಮಣ್ಣ ಉಪಾಧ್ಯೆ. ಅವನೇನೂ ಬಡಗಿಯಲ್ಲ. ತೂಕ-ಅಳತೆ ಇನ್ಸ್‌ಪೆಕ್ಟರ್, ಸಂತೆಗೂ ಅಡತಿ ಅಂಗಡಿಗಳಿಗೂ ಹೋಗಿ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವವನು. ಊರೆಲ್ಲ ಅವನನ್ನು ಸಾಹೇಬರು ಎನ್ನುತ್ತಿತ್ತು. ನಾನು ಮಾತ್ರ ಏಕವಚನದಲ್ಲೇ ಕರೆಯುತ್ತೇನೆ. ನನ್ನ ಪಕ್ಕೆಗಳನ್ನು ಬಗ್ಗಿಸಲು ಹೋಗಿ ನಾಲ್ಕು ಸಲ ಮುರಿದವನಿಗೆ ಎಂಥ ಬಹುವಚನ!

ನನ್ನ ಎದೆಯ ಹಲಗೆ, ಹತ್ತಿ ಹಿಂಜುವ ಯಂತ್ರವನ್ನು ತುಂಬಿಕೊಂಡು ಬಂದಿದ್ದ ದೇವದಾರು ಪೆಟ್ಟಿಗೆಯದು. ಬೆನ್ನು ಮತ್ತು ಪಕ್ಕೆ ಹಳೇ ಮಂಚದ ಸಾಗವಾನಿ. ಕೊರಳಿನ ವಿಚಾರ ಹೇಳಲು ಸ್ವಲ್ಪ ನಾಚಿಕೆ. ಅದು ಯಾವನೋ ವ್ಯಾಪಾರಿಯ ತಕ್ಕಡಿಯ ದಂಡಿಗೆ. ಒಂದು ಪಕ್ಕ ಭಾರವಾಗಲಿ ಎಂದು ಒಳಗೆ ಸೀಸ ತುಂಬಿದ್ದನಂತೆ. ಜಪ್ತಿಯಾಗಿ ಸೌದೆಗೆ ಬಿದ್ದಿದ್ದನ್ನು ನೇಮಣ್ಣ ಎತ್ತಿಕೊಂಡು ಬಂದು, ಸೀಸ ಕಿತ್ತು, ಕೆತ್ತಿ ಕೊರಳು ಮಾಡಿದ. ಸುಳ್ಳು ಹೇಳಿದ ಕಟ್ಟಿಗೆ ಇನ್ನಾದರೂ ನಿಜ ಹೇಳಲಿ ಎಂದು ಹೆಂಡತಿಯ ಮುಂದೆ ಹೆಮ್ಮೆಪಟ್ಟ. ಮಾಣಿಕಬಾಯಿ ನಕ್ಕು, ಮೊದಲು ಪಡಸಾಲೆಯ ಹೊಟ್ಟು ಗುಡಿಸಿರಿ ಎಂದಳು.

ಈ ಹವ್ಯಾಸಕ್ಕೆ ಅವನಿಗೊಬ್ಬ ಗುರು ಇದ್ದ. ಬಸ್‌ ನಿಲ್ದಾಣದ ಹಿಂದೆ ಹಾರ್ಮೋನಿಯಂ, ತಂಬೂರಿ ರಿಪೇರಿ ಮಾಡುವ ದಾವಲಸಾಬ. ಎಲ್ಲ ಮಾತಿನಲ್ಲೂ ಅವನನ್ನು ಕೇಳಿ ನಡೆಯುತ್ತಿದ್ದ ನೇಮಣ್ಣ ಅಂಟಿನ ವಿಷಯದಲ್ಲಿ ಮಾತ್ರ ಹಟ ಹಿಡಿದ. ಪಿಟೀಲಿನ ಎದೆಯನ್ನು ಅಂಟಿಸಬೇಕಾದದ್ದು ಸರೇಸಿನಿಂದ. ಅದು ಚರ್ಮ, ಗೊರಸು ಕುದಿಸಿ ಮಾಡಿದ ಅಂಟು. ನೇಮಣ್ಣನದು ಜೈನರ ಮನೆ. ಗಡ್ಡೆ-ಗೆಣಸೂ ಹೊಸ್ತಿಲು ದಾಟದ ಕಡೆ ಗೊರಸಿನ ಅಂಟು ಎಲ್ಲಿಂದ ಬರಬೇಕು? ಡಬ್ಬಿಯ ಬಿಳಿ ಅಂಟು ಹಚ್ಚುತ್ತೇನೆ, ಅದಕ್ಕೆ ಹಿಡಿತ ಹೆಚ್ಚು ಎಂದ.

"ಹಿಡಿತ ಹೆಚ್ಚು ಖರೇ ಸಾಹೇಬ್ರ," ಎಂದ ದಾವಲಸಾಬ. "ಸರೇಸು ಹಂಗಲ್ಲ. ಬಿಸಿ ಚಾಕು ಹಾಕಿದ್ರ ಬಿಡತದ, ಕಟ್ಟಿಗಿ ಉಳೀತದ. ನಿಮ್ಮ ಬಿಳಿ ಅಂಟು ಬಿಡಾಂಗಿಲ್ಲ, ಕಟ್ಟಿಗೀನ ಸೀಳತದ."

"ಬಿಚ್ಚಾಕಂತ ಯಾರರ ಕಟ್ಟತಾರೇನು?" ಎಂದು ನೇಮಣ್ಣ ನಕ್ಕುಬಿಟ್ಟ.

ಹೊಟ್ಟೆ ಮುಚ್ಚಿದ ಭಾನುವಾರ ನನಗೆ ಚೆನ್ನಾಗಿ ನೆನಪಿದೆ. ಎದೆಯ ಹಲಗೆಯನ್ನು ಕೂದಲೆಳೆಯಷ್ಟೂ ತಪ್ಪದೆ ತೂಗಬೇಕೆಂಬ ಆಸೆ ಅವನಿಗೆ. ಮನೆಯ ತಕ್ಕಡಿ ಅದಕ್ಕೆ ಸಾಲದು. ಶನಿವಾರವೇ ಕಚೇರಿಯ ತೂಕದ ಪೆಟ್ಟಿಗೆಯನ್ನು ಮನೆಗೆ ತಂದುಬಿಟ್ಟಿದ್ದ. ತರಬಾರದು, ಸರಕಾರದ ಪೆಟ್ಟಿಗೆ ಕಚೇರಿ ಬಿಟ್ಟು ಸಂತೆಗೆ ಹೋಗಬಹುದು, ಮನೆಗಲ್ಲ. ಅದರೊಳಗೆ ಒಂದು ನಾಜೂಕು ತಕ್ಕಡಿ, ಮಖಮಲ್ಲಿನ ಗುಳಿಗಳಲ್ಲಿ ಹಿತ್ತಾಳೆಯ ತೂಕಗಳು, ಕೊನೆಯ ಸಾಲಿನಲ್ಲಿ ತೆಳು ತಗಡಿನ ಮಿಲಿಗ್ರಾಂ ತೂಕಗಳು. ಇನ್ನೂರು ಮಿಲಿಗ್ರಾಮಿನದು ಉಗುರಿನಷ್ಟು ಚೌಕ. ಚಿಮಟಿಗೆ ಸಿಗಲೆಂದು ಒಂದು ಮೂಲೆ ಮೇಲಕ್ಕೆ ಮಡಚಿರುತ್ತದೆ.

ಹಲಗೆ ತೂಗಿ ಆಯಿತು. ಪಕ್ಕೆಯ ಅಂಚಿಗೆಲ್ಲ ಅಂಟು ಬಳಿದೂ ಆಯಿತು. ಅಷ್ಟರಲ್ಲಿ ಒಳಗಿಂದ ಮಾಣಿಕಬಾಯಿ ಕೂಗಿದಳು, ಹೊತ್ತು ಮುಳುಗುತ್ತಿದೆ ಎಂದು. ಸೂರ್ಯ ಮುಳುಗಿದ ಮೇಲೆ ಆ ಮನೆಯಲ್ಲಿ ತುತ್ತು ಎತ್ತುವಂತಿಲ್ಲ. ಅತ್ತ ಅಂಟು ಒಣಗುತ್ತಿದೆ, ಇತ್ತ ಸೂರ್ಯ ಇಳಿಯುತ್ತಿದ್ದಾನೆ. ಅವಸರದಲ್ಲಿ ನೇಮಣ್ಣನ ಮಣಿಕಟ್ಟು ತಕ್ಕಡಿಯ ತಟ್ಟೆಗೆ ತಾಗಿತು. ಅಂಟು ಮೆತ್ತಿದ ಕೈಗೆ ಆ ಚೌಕ ತಗಡು ಹತ್ತಿಕೊಂಡಿತು, ನನ್ನ ಮೇಲೆ ಕೈ ಹಾಯುವಾಗ ಕಳಚಿ ಒಳಗೆ ಬಿತ್ತು. ಕೊರಳಿನ ಬುಡದ ಮೂಲೆಯಲ್ಲಿ, ಹಸಿ ಅಂಟಿನಲ್ಲಿ ಅರ್ಧ ಹೂತು, ಮಡಚಿದ ಮೂಲೆಯನ್ನು ಗಾಳಿಗೆ ಚಾಚಿ ಕುಳಿತಿತು. ಅವನು ನೋಡಲಿಲ್ಲ. ಎದೆ ಮುಚ್ಚಿ, ಹಲಗೆಯನ್ನು ಒತ್ತಿಹಿಡಿಯುವ ಹಿಡಿಕೆಗಳನ್ನು ಬಿಗಿದು, ಊಟಕ್ಕೆ ಓಡಿದ.

ಸೋಮವಾರ ಬೆಳಿಗ್ಗೆ ಪೆಟ್ಟಿಗೆಯಲ್ಲಿ ಒಂದು ಗುಳಿ ಖಾಲಿ. ಮನೆಯ ಮೂಲೆ ಮೂಲೆ ಗುಡಿಸಿದರು, ಹೊಟ್ಟನ್ನು ಜರಡಿ ಹಿಡಿದರು. ನನ್ನ ಹೊಟ್ಟೆ ಯಾರಿಗೂ ಹೊಳೆಯಲಿಲ್ಲ. ಹದಿನೈದು ದಿನಕ್ಕೆ ಪೆಟ್ಟಿಗೆ ವಾರ್ಷಿಕ ತಪಾಸಣೆಗೆ ಹೋಯಿತು, ಕೊರತೆ ಬಯಲಾಯಿತು. ಪೆಟ್ಟಿಗೆಗೆ ಎರಡು ಕೀಲಿ. ಒಂದು ನೇಮಣ್ಣನದು, ಇನ್ನೊಂದು ಯಮನೂರಪ್ಪನದು. ಯಮನೂರಪ್ಪ ಕಚೇರಿಯ ಹಂಗಾಮಿ ಜವಾನ. ಒಂಬತ್ತು ವರ್ಷದಿಂದ ಆ ಪೆಟ್ಟಿಗೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಸಂತೆ ಸಂತೆ ತಿರುಗಿದವನು. ಪೆಟ್ಟಿಗೆ ಬೇರೆ ಎಲ್ಲಿಗಾದರೂ ಹೋಗಿತ್ತೇ ಎಂದು ಮೇಲಿನವರು ನೇಮಣ್ಣನನ್ನು ಕೇಳಿದರು. ಅವನು ಇಲ್ಲ ಎಂದ. ಅಷ್ಟೇ, ಒಂದು ಮಾತು. ಮರುದಿನದಿಂದ ಯಮನೂರಪ್ಪನಿಗೆ ಕೆಲಸವಿಲ್ಲ.

ಯಮನೂರಪ್ಪ ಮನೆಗೆ ಬಂದಿದ್ದ. ಮೆಟ್ಟಿಲ ಮೇಲೆ ನಿಂತು, ತಾನು ಮುಟ್ಟಿಲ್ಲವೆಂದು ನೀವಾದರೂ ಒಂದು ಮಾತು ಹೇಳಿರಿ ಎಂದು ಕೈ ಮುಗಿದ. ನೋಡೋಣ ಎಂದು ನೇಮಣ್ಣ ಒಳಗೆ ಬಂದ.

"ಪೆಟ್ಟಿಗಿ ಮನೀಗೆ ಬಂದಿತ್ತು ಅಂತ ಹೇಳಿದ್ರೇನು?" ಎಂದು ಮಾಣಿಕಬಾಯಿ ಕೇಳಿದಳು. ಅವನು ನನಗೆ ವಾರ್ನಿಶ್ ಬಳಿಯಲು ಕುಳಿತ. ಅವತ್ತು ಬಳಿದ ವಾರ್ನಿಶ್ ಎರಡು ಕಡೆ ಸೋರಿ ಗಟ್ಟಿಯಾಗಿದೆ, ಈಗಲೂ ನೋಡಬಹುದು.

ತಂತಿ ಕಟ್ಟಿ ಕಮಾನು ಎಳೆದ ದಿನ ನಾನು ಚೆನ್ನಾಗಿಯೇ ಮಾತಾಡಿದೆ. ಆದರೆ ಎರಡನೇ ತಂತಿಯ ಮೇಲೆ ಮೂರನೇ ಬೆರಳು ಇಟ್ಟರೆ ಸಾಕು, ಒಳಗಿನ ಆ ತಗಡು ನಡುಗಿ ಗುಂಯ್ ಎನ್ನುತ್ತಿತ್ತು. ಆ ಒಂದೇ ಸ್ವರಕ್ಕೆ. ಭಜನೆಯ ಮೇಳದವನೊಬ್ಬ ನನ್ನನ್ನು ಎರಡು ತಿಂಗಳು ಒಯ್ದ. ಆ ಸ್ವರವನ್ನು ದಾಟಿ ದಾಟಿ ಬಾರಿಸಿ, ಇದರ ಹೊಟ್ಟೆಯಲ್ಲಿ ಜೀರುಂಡೆ ಇದೆ ಎಂದು ವಾಪಸು ತಂದಿಟ್ಟ. ಜೀರುಂಡೆ! ನಾನು ಯಮನೂರಪ್ಪನ ಸಾಕ್ಷಿಯನ್ನು ಹೊತ್ತು ಕೂಗುತ್ತಿದ್ದೆ, ಇವನಿಗೆ ಜೀರುಂಡೆಯಂತೆ.

ಕೊನೆಗೆ ನೇಮಣ್ಣ ನನ್ನನ್ನು ದಾವಲಸಾಬನ ಬಳಿ ಒಯ್ದ. ಅವನು ಬಡಿದು ನೋಡಿದ, ಕಿವಿಗೆ ಹಿಡಿದ, ದನಿ ಹೊರಡುವ ಎದೆಯ ಕಂಡಿಯಿಂದ ಪುಟ್ಟ ಬಲ್ಬನ್ನೂ ಹಲ್ಲಿನ ಡಾಕ್ಟರ ಕನ್ನಡಿಯನ್ನೂ ಇಳಿಬಿಟ್ಟ. ಬಹಳ ಹೊತ್ತು ನೋಡಿ, ಕೊರಳ ಬುಡದಲ್ಲಿ ಚೌಕನೆಯ ತಗಡೊಂದು ಅಂಟಿಕೊಂಡಿದೆ, ಒಂದು ಮೂಲೆ ಮಡಚಿದೆ ಎಂದ. ಅದು ಯಾವ ತಗಡೆಂದು ನೇಮಣ್ಣನಿಗೆ ತಕ್ಷಣ ತಿಳಿಯಿತು. ಎದೆ ಬಿಚ್ಚದೆ ತೆಗೆಯಲು ಬರುತ್ತದೆಯೇ ಎಂದು ಕೇಳಿದ. ಬರುವುದಿಲ್ಲ. ಬಿಚ್ಚಿದರೆ? ಬಿಳಿ ಅಂಟು, ಎದೆ ಸೀಳುತ್ತದೆ ಎಂದ ದಾವಲಸಾಬ. ನೇಮಣ್ಣ ನನ್ನನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದು ಮೊಳೆಗೆ ನೇತುಹಾಕಿದ.

ಅಲ್ಲಿ ಹನ್ನೊಂದು ವರ್ಷ ನೇತಾಡಿದೆ. ನನ್ನ ಕಣ್ಣೆದುರೇ ಅವನು ಇನ್ನೂ ನಾಲ್ಕು ಪಿಟೀಲು ಕಟ್ಟಿದ. ತಮಾಷೆ ಏನೆಂದರೆ, ಆ ನಾಲ್ಕರ ಎದೆಯನ್ನೂ ದಾವಲಸಾಬನ ಅಂಗಡಿಗೆ ಒಯ್ದು ಸರೇಸಿನಲ್ಲೇ ಅಂಟಿಸಿದ, ಬಂದು ತಲೆಯ ಮೇಲೆ ನೀರು ಹೊಯ್ದುಕೊಂಡು ಒಳಗೆ ಬಂದ. ಪಾಠ ಕಲಿತಿದ್ದ, ನಿಜ. ಆದರೆ ಕಲಿತದ್ದು ಅಂಟಿನ ಪಾಠ ಮಾತ್ರ. ಯಮನೂರಪ್ಪ ಅಡತಿ ಓಣಿಯ ತುದಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ, ಓಣಿಯವರು ಅವನನ್ನು ತೂಕ ಕದ್ದವನೆಂದೇ ಗುರುತು ಹೇಳುತ್ತಾರೆ ಎಂಬ ಸುದ್ದಿ ಮನೆಗೆ ಬಂದಾಗಲೆಲ್ಲ ನೇಮಣ್ಣ ಉಳಿ ಮಸೆಯಲು ಎದ್ದು ಹೋಗುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ಕೈಯಿಲ್ಲದ, ಕಾಲಿಲ್ಲದ ಪಿಟೀಲಿನ ಸಿಟ್ಟು ಯಾರಿಗೆ ಬೇಕು?

ಅವನು ನಿವೃತ್ತನಾದ ವರ್ಷ ದಾವಲಸಾಬ ಒಂದು ಮಾತು ತಂದ. ಯಮನೂರಪ್ಪನ ಮಗಳು ಹುಲಿಗೆವ್ವ ಊರಿನ ಮಠದಲ್ಲಿ ಪಿಟೀಲು ಕಲಿಯುತ್ತಿದ್ದಾಳೆ, ಮನೆಯಲ್ಲಿ ಸಾಧನೆ ಮಾಡಲು ವಾದ್ಯವಿಲ್ಲ. ನೇಮಣ್ಣ ನಾಲ್ಕು ಒಳ್ಳೆಯ ಪಿಟೀಲುಗಳನ್ನು ನೋಡಿದ. ಆಮೇಲೆ ಮೊಳೆಯಿಂದ ನನ್ನನ್ನು ಇಳಿಸಿ, ಧೂಳು ಒರೆಸಿ, ಹೊಸ ತಂತಿ ಕಟ್ಟಿ ದಾವಲಸಾಬನ ಕೈಗೆ ಕೊಟ್ಟ. ತಾನು ಹೇಳಲಾರದ್ದನ್ನು ನನ್ನ ಕೈಯಲ್ಲಿ ಹೇಳಿಕಳುಹಿಸಿದ. ಹೇಡಿತನವೇ ಅನ್ನಿ.

ಹುಲಿಗೆವ್ವ ನನ್ನನ್ನು ಪ್ರೀತಿಸಿದಳು. ನನ್ನ ಬದುಕಿನಲ್ಲಿ ದಿನವೂ ನನ್ನನ್ನು ಎತ್ತಿಕೊಂಡ ಮೊದಲ ಜೀವ ಅದು. ಮೊದಮೊದಲು ಅವಳಿಗೆ ಕಲಿಸಿದ್ದ ಪಾಠದಲ್ಲಿ ಆ ಸ್ವರ ಬರುತ್ತಿರಲಿಲ್ಲ. ಮೂರನೇ ವಾರ ಬಂತು. ಪಂಕ್ಚರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ಮೂರನೇ ಬೆರಳು ಇಟ್ಟು ಕಮಾನು ಎಳೆದಳು. ಗುಂಯ್ ಎಂದೆ. ಹೊರಗೆ ಟ್ಯೂಬಿಗೆ ತೇಪೆ ತಿಕ್ಕುತ್ತಿದ್ದ ಯಮನೂರಪ್ಪನ ಕೈ ನಿಂತಿತು. ಇನ್ನೊಮ್ಮೆ ಬಾರಿಸು ಎಂದ. ಬಾರಿಸಿದಳು. ಮತ್ತೊಮ್ಮೆ ಎಂದ. ಒಳಗೆ ಬಂದು ನನ್ನ ಬೆನ್ನಿಗೆ ಕಿವಿ ಹಚ್ಚಿದ. ಒಂಬತ್ತು ವರ್ಷ ಹಾಳು ರಸ್ತೆಯಲ್ಲಿ ಬೆನ್ನ ಹಿಂದೆ ಆ ತಗಡುಗಳ ನಡುಗುವ ಸಪ್ಪಳ ಕೇಳಿದವನು ಅವನು. ಒಂದೊಂದರ ದನಿಯೂ ಅವನಿಗೆ ಗೊತ್ತು.

ನಾನು ಯಾರ ಕೈಯ ಕೆಲಸವೆಂದು ದಾವಲಸಾಬನಿಂದ ತಿಳಿದು, ಅಪ್ಪ, ಮಗಳು ಇಬ್ಬರೂ ನನ್ನನ್ನು ಎತ್ತಿಕೊಂಡು ನೇಮಣ್ಣನ ಮನೆಗೆ ಬಂದರು. ಯಮನೂರಪ್ಪ ಈ ಸಲ ಮೆಟ್ಟಿಲ ಮೇಲೆ ನಿಲ್ಲಲಿಲ್ಲ, ಒಳಗೆ ಬಂದು ಪಡಸಾಲೆಯಲ್ಲಿ ಕುಳಿತ.

"ಇದರೊಳಗ ಇನ್ನೂರು ಮಿಲಿ ಐತಿ ಸಾಹೇಬ್ರ. ನಿಮಗ ಗೊತ್ತಿತ್ತೇನು?"

ಮಾಣಿಕಬಾಯಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ನೇಮಣ್ಣ ನೆಲ ನೋಡಿದ.

"ಗೊತ್ತಿತ್ತು," ಎಂದ.

ಆಮೇಲೆ ಅವನೇ ಎದ್ದು ಹೋಗಿ ತೆಳು ಚಾಕು ತಂದ. ಎದೆ ಸೀಳಬಹುದು ಎಂದು ಹುಲಿಗೆವ್ವನ ಮುಖ ನೋಡಿದ. ಯಮನೂರಪ್ಪನೂ ಒಂದು ಗಳಿಗೆ ಹಿಂಜರಿದ. ಮಗಳು ಇಷ್ಟಪಟ್ಟ ವಸ್ತು.

"ಒಡೀರಿ ಕಾಕಾ," ಎಂದಳು ಆಕೆ. "ನಮ್ಮಪ್ಪ ಕಳ್ಳ ಅನಿಸಿಕೊಂಡಿರೂತನಕ ನಾ ಇದನ್ನ ಬಾರಸಾಂಗಿಲ್ಲ."

ನೋವಾಯಿತು, ಸುಳ್ಳೇಕೆ ಹೇಳಲಿ? ಅರ್ಧ ಸುತ್ತು ಚಾಕು ಹೇಗೋ ಹೋಯಿತು. ಆಮೇಲೆ ಬಿಳಿ ಅಂಟು ಬಿಡಲಿಲ್ಲ, ಕಟ್ಟಿಗೆಯೇ ಬಿಟ್ಟಿತು. ಕೊರಳ ಬುಡದಿಂದ ಕೆಳಗಿನವರೆಗೆ ಎದೆ ಚರ್ ಎಂದು ಎರಡಾಯಿತು. ನೇಮಣ್ಣ ಅಳುತ್ತಲೇ ಚಿಮಟಿ ಇಳಿಸಿ ಆ ಚೌಕವನ್ನು ಕಿತ್ತು ಯಮನೂರಪ್ಪನ ಅಂಗೈ ಮೇಲಿಟ್ಟ. ಯಮನೂರಪ್ಪ ಅದನ್ನು ತಿರುಗಿಸಿ ನೋಡಿ, ಇದು ಸರಕಾರದ್ದು, ಸರಕಾರಕ್ಕೇ ಕೊಡಿರಿ ಎಂದು ಹಿಂದಕ್ಕೆ ಕೊಟ್ಟ.

ಕಚೇರಿಯಲ್ಲಿ ಹೊಸ ಸಾಹೇಬರು, ಹೊಸ ಪೆಟ್ಟಿಗೆ. ಅವರಿಗೆ ಆ ಹಳೇ ಪ್ರಕರಣದ ಕಾಗದವೇ ಸಿಗಲಿಲ್ಲ. ತಗಡನ್ನು ಮೇಜಿನ ಖಾನೆಗೆ ಹಾಕಿಕೊಂಡು ನಮಸ್ಕಾರ ಹೇಳಿದರು. ನೇಮಣ್ಣನಿಗೆ ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ಸಂತೆಯ ದಿನ ಸೀಳಿದ ನನ್ನನ್ನು ಧೋತರದಲ್ಲಿ ಕಟ್ಟಿಕೊಂಡು, ಯಮನೂರಪ್ಪನನ್ನೂ ಕರೆದುಕೊಂಡು ಅಡತಿ ಓಣಿಯ ಚಹಾದ ಅಂಗಡಿಗೆ ಹೋದ. ಇಪ್ಪತ್ತು ವರ್ಷ ಯಾರ ತಕ್ಕಡಿಗಳನ್ನು ಹಿಡಿದು ತಪ್ಪು ಎಂದು ಹೇಳಿದ್ದನೋ ಅವರೆಲ್ಲ ಅಲ್ಲಿದ್ದರು. ಪೆಟ್ಟಿಗೆ ಮನೆಗೆ ಒಯ್ದವನು ನಾನು, ತೂಕ ಕಳೆದವನು ನಾನು, ಇಲ್ಲ ಎಂದು ಸುಳ್ಳು ಹೇಳಿದವನೂ ನಾನು, ಈ ಮನುಷ್ಯ ಏನನ್ನೂ ಮುಟ್ಟಿಲ್ಲ ಎಂದು ನಿಂತುಕೊಂಡು ಹೇಳಿದ. ಒಂದಿಬ್ಬರು ಮುಖ ಮುಖ ನೋಡಿಕೊಂಡು ನಕ್ಕರು. ಒಬ್ಬ ಹಿರಿಯ ಅಡತಿಯವನು ಎದ್ದು ತನ್ನ ಕುರ್ಚಿಯನ್ನು ಯಮನೂರಪ್ಪನಿಗೆ ಕೊಟ್ಟ.

ಯಮನೂರಪ್ಪ ಕೂರಲಿಲ್ಲ.

"ಹೇಳಿದ್ರಿ, ಛಲೋ ಆತು," ಎಂದ. "ಆದರ ನಮ್ಮವ್ವ ನಾನ ಕದ್ದೀನಿ ಅಂತ ತಿಳಕೊಂಡ ಸತ್ಲು. ಆಕೀಗೆ ಯಾರು ಹೇಳಬೇಕ್ರಿ?"

ನೇಮಣ್ಣ ನನ್ನನ್ನು ಎತ್ತಿಕೊಂಡು ಅಲ್ಲಿಂದ ನೇರ ದಾವಲಸಾಬನ ಅಂಗಡಿಗೆ ನಡೆದ.

ನನ್ನನ್ನು ಮತ್ತೆ ಕೂಡಿಸಿದ್ದು ದಾವಲಸಾಬ. ಸೀಳಿಗೆ ಒಳಗಿಂದ ಏಳು ಪುಟ್ಟ ಕಟ್ಟಿಗೆಯ ತೇಪೆ ಹಾಕಿದ. ಸರೇಸು ಕುದಿಯುತ್ತಿದ್ದ ಪಾತ್ರೆಯ ಪಕ್ಕದಲ್ಲಿ, ಆ ವಾಸನೆಯಲ್ಲಿ, ನೇಮಣ್ಣ ಇಡೀ ದಿನ ಹಿಡಿಕೆ ಹಿಡಿದುಕೊಂಡು ಕುಳಿತಿದ್ದ. ಅಂದು ಹೊತ್ತು ಮುಳುಗಿತು, ಅವನು ಊಟಕ್ಕೆ ಏಳಲಿಲ್ಲ, ಉಪವಾಸವೇ ಮಲಗಿದನಂತೆ.

ಈಗ ನಾನು ಮುದಿ. ಪಂಕ್ಚರ್ ಅಂಗಡಿಯ ಗೋಡೆಗೆ ತೂಗಿಕೊಂಡಿದ್ದೇನೆ. ಹುಲಿಗೆವ್ವ ಓಣಿಯ ಮಕ್ಕಳಿಗೆ ನನ್ನ ಮೇಲೆಯೇ ಪಾಠ ಹೇಳುತ್ತಾಳೆ. ಸೀಳಿದ ಎದೆಗೆ ಮೊದಲಿನ ದನಿ ಬರಲಿಲ್ಲ, ಸ್ವಲ್ಪ ಗೊಗ್ಗರು. ಭಾನುವಾರ ನೇಮಣ್ಣ ಬರುತ್ತಾನೆ, ಹಳೇ ಟೈರುಗಳ ಮೇಲೆ ಕೂರುತ್ತಾನೆ. ಯಮನೂರಪ್ಪ ಚಹಾ ತರಿಸುತ್ತಾನೆ. ಮಾತು ಹೆಚ್ಚಿಲ್ಲ, ಚಹಾ ಮಾತ್ರ ಒಮ್ಮೆಯೂ ತಪ್ಪಿಲ್ಲ.

ಎರಡನೇ ತಂತಿಯ ಮೇಲೆ ಮೂರನೇ ಬೆರಳು ಬಿದ್ದಾಗ ಇಬ್ಬರೂ ಇವತ್ತಿಗೂ ತಲೆ ಎತ್ತುತ್ತಾರೆ. ಸ್ವರ ಸ್ವಚ್ಛವಾಗಿ ಬರುತ್ತದೆ, ಮತ್ತೆ ತಲೆ ಇಳಿಸುತ್ತಾರೆ. ಬೇಕಾದರೆ ಯಾರಾದರೂ ಬಿಸಿ ಚಾಕು ತಂದು ನನ್ನನ್ನು ಬಿಚ್ಚಿ ನೋಡಲಿ, ಈಗ ಸುಲಭವಾಗಿ ಬಿಟ್ಟುಕೊಳ್ಳುತ್ತೇನೆ. ಒಳಗೆ ಏನೂ ಇಲ್ಲ.